ಘಾಟಿಯ ಮೇಲಿಂದ ಅಪ್ಪ ಕೂಗಿದ್ದು

ಚಳಿಗಾಲದಲ್ಲಿ ಔರಂಗಾಬಾದಿನಿಂದ ಖುಲ್ತಾಬಾದಿಗೆ ಹೋಗುವ ಬಸ್ಸಿನಲ್ಲಿ ಯಾರಾದರೊಬ್ಬರ ಪೇರಲಹಣ್ಣಿನ ಬುಟ್ಟಿ ಇದ್ದೇ ಇರುತ್ತದೆ. ಕಳೆದ ವಾರ ಪರೀಕ್ಷೆಯ ಮೇಲ್ವಿಚಾರಣೆಗೆಂದು ಹೊರಟಾಗ ಅಂಥದೊಂದು ಬುಟ್ಟಿ ನನ್ನ ಕಾಲ ಬಳಿಗೇ ಬಂತು. ಹಣ್ಣು ಅತಿಯಾಗಿ ಮಾಗಿತ್ತು. ದೌಲತಾಬಾದ್ ಕೋಟೆ ದಾಟಿ ಬಸ್ಸು ಘಾಟಿ ಹತ್ತತೊಡಗಿದಾಗ ಆ ವಾಸನೆಗೆ ನನ್ನ ಎರಡೂ ಮಣಿಕಟ್ಟುಗಳು ತಾವಾಗಿಯೇ ಬಿಗಿದುಕೊಂಡವು, ಯಾರೋ ಹಿಡಿದು ಎಳೆಯಲು ಬರುತ್ತಿದ್ದಾರೆ ಎಂಬ ಹಾಗೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಏನಾಯಿತೆಂದು ಕೇಳಿದರು. ಏನಿಲ್ಲ ಎಂದೆ. ಹೇಳಬೇಕಾಗಿದ್ದರೆ ಅಪ್ಪನಿಂದ ಶುರುಮಾಡಬೇಕಿತ್ತು. ಘಾಟಿ ಅಷ್ಟು ಉದ್ದವಿಲ್ಲ.

ನಾವು ಆಗ ನಾಸಿಕ್ ರೋಡಿನಲ್ಲಿದ್ದೆವು. ಅಪ್ಪ ರೈಲ್ವೆಯ ಸರಕು ಕಚೇರಿಯಲ್ಲಿ ಹೆಡ್ ಕ್ಲರ್ಕ್. ಬೀದರ್ ಕಡೆಯ ಹಳ್ಳಿಯೊಂದರಿಂದ ನಾನು ಹುಟ್ಟುವ ಮೊದಲೇ ಬಂದವರು. ಹೊರಗೆ ಮರಾಠಿ, ಒಳಗೆ ಬೀದರಿನ ಕನ್ನಡ. ತಮ್ಮ ಬಸು ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ. ಅಪ್ಪನಿಗೆ ಅದು ಸಿಟ್ಟು. ಆ ಸಿಟ್ಟನ್ನು ಅವರು ಅರ್ಧ ಮರಾಠಿಯಲ್ಲೇ ತೋಡಿಕೊಳ್ಳುತ್ತಿದ್ದರು.

ಎಂ.ಎಸ್ಸಿ.ಯನ್ನೂ ನಾನು ಮನೆಯಿಂದಲೇ ಓಡಾಡಿಕೊಂಡು ಮುಗಿಸಿದೆ. ಆ ದೀಪಾವಳಿಯ ಹೊತ್ತಿಗೆ ಔರಂಗಾಬಾದಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗಣಿತ ಕಲಿಸುವ ಕೆಲಸಕ್ಕೆ ಆಯ್ಕೆಯಾಗಿದ್ದೆ, ಜೂನ್‌ನಲ್ಲಿ ಸೇರಬೇಕಿತ್ತು. ಅಪ್ಪ ಒಲ್ಲೆ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಕೇಳಿದಾಗಲೆಲ್ಲ "ಒಬ್ಬಾಕೀನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೇಪರು ಬಿಚ್ಚುತ್ತಿದ್ದರು. ಜಗಳವಾಡಿ ಹೋಗಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಹಾಗೆ ಹೋದ ಚಿಕ್ಕಪ್ಪ ಆಮೇಲೆ ಹಬ್ಬಕ್ಕೂ ಬರಲಿಲ್ಲ, ಅವರ ವಿಷಯ ಯಾರೂ ಎತ್ತಲೂ ಇಲ್ಲ. ನನಗೆ ಹೋಗುವುದೂ ಬೇಕಿತ್ತು, ಹಬ್ಬಕ್ಕೆ ಬರುವುದೂ ಬೇಕಿತ್ತು.

ನಾನು ಓಡುತ್ತಿದ್ದೆ. ಕಾಲೇಜಿನ ತಂಡಕ್ಕೆಂದು ಶುರುವಾದದ್ದು, ತಂಡ ಮುಗಿದ ಮೇಲೂ ಉಳಿಯಿತು. ಬೆಳಿಗ್ಗೆ ದೇವಳಾಲಿ ರಸ್ತೆಯಲ್ಲಿ ಮಿಲಿಟರಿಯವರನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಅವರು ತಮ್ಮ ಪಾಡಿಗೆ ಓಡುತ್ತಿದ್ದರು, ನಾನು ನನ್ನ ಪಾಡಿಗೆ. ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅದೊಂದೇ. ಅದನ್ನೂ ಮನೆಯವರು ಬಹಳ ದಿನ ಬಿಡಲಿಲ್ಲ. ಮೊದಲು ಬಸುವನ್ನು ಸೈಕಲ್ ಮೇಲೆ ಹಿಂದೆ ಕಳಿಸಿದರು. ಅವನಿಗೆ ಅಂಬಡ್‌ನಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕು ಪಾಳಿ ಬಂದಾಗ ಅಪ್ಪನೇ ಸೈಕಲ್ ಹತ್ತಿದರು. ಹಿಂದಿನಿಂದ ಗಂಟೆ ಬಾರಿಸುತ್ತ, ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಹೇಳುತ್ತ, ಹಾಲಿನವನನ್ನು ನಿಲ್ಲಿಸಿ ಎಮ್ಮೆಯ ಯೋಗಕ್ಷೇಮ ಕೇಳುತ್ತ ಬರುತ್ತಿದ್ದರು. ಆಮೇಲೆ ಒಂದು ದಿನ ಸೈಕಲ್ ಮರಕ್ಕೆ ಒರಗಿಸಿ ತಾವೂ ಓಡತೊಡಗಿದರು. ಖಾಕಿ ಅರ್ಧ ಚಡ್ಡಿ, ಕುತ್ತಿಗೆಗೆ ಉಣ್ಣೆಯ ಮಫ್ಲರ್. ನನ್ನ ಓಟ ಅಂದಿನಿಂದ ಅಪ್ಪನ ವ್ಯಾಯಾಮವಾಯಿತು.

ಔರಂಗಾಬಾದಿನ ವ್ಯಾಯಾಮಶಾಲೆಯೊಂದು ನಗರದಿಂದ ಖುಲ್ತಾಬಾದಿನವರೆಗೆ ದೂರದ ಓಟ ಏರ್ಪಡಿಸಿದೆ ಎಂಬ ಸುದ್ದಿ ಮರಾಠಿ ಪತ್ರಿಕೆಯಲ್ಲಿ ಬಂದದ್ದು ಆಗ. ಅವರು ಅದನ್ನು ಮ್ಯಾರಥಾನ್ ಎಂದು ಕರೆದಿದ್ದರು. ಅದು ಮ್ಯಾರಥಾನ್ ಆಗಿರಲಿಲ್ಲ, ಅದರ ಅರ್ಧಕ್ಕಿಂತ ತುಸು ಹೆಚ್ಚು. ನಾನು ಇದನ್ನು ಮನೆಯಲ್ಲಿ ಹಲವು ಸಲ ಹೇಳಿದೆ. ಕೊನೆಗೆ ಹೇಳುವುದನ್ನು ಬಿಟ್ಟೆ. ಹೆಂಗಸರಿಗೂ ಪ್ರವೇಶವಿತ್ತು, ಆದರೆ ಒಂದು ಷರತ್ತು: ಹೆಂಗಸಿನ ಹೆಸರು ಬರೆಸಬೇಕಾದರೆ ಅವಳ ಮನೆಯ ಇನ್ನಿಬ್ಬರು ಓಟದಲ್ಲಿರಬೇಕು. ನಾಡಿನ ರಸ್ತೆಯಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ಓಡಿದರೆ ಏನಾದೀತೆಂದು ಅವರು ಭಾವಿಸಿದ್ದರೋ ನನಗೆ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ಆ ಷರತ್ತು ಬಹಳ ಹಿಡಿಸಿತು. ಮನೆಯವರೆಲ್ಲ ಕೂಡಿ ಮಾಡುವಂಥ ಕೆಲಸ ಎಂದು ತಾವೇ ಮೂವರ ಹೆಸರು ಬರೆಸಿದರು: ತಮ್ಮದು, ಬಸುವಿನದು, ನನ್ನದು.

ನಾಲ್ಕನೆಯ ಹೆಸರು ಅತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ, ನೀಲಮ್ಮ. ಗಂಡ ತೀರಿದ ಮೇಲೆ ತವರಿಗೆಂದು ಬಂದು, ತವರು ನಾಸಿಕಕ್ಕೆ ಬಂದಾಗ ಅದರ ಜೊತೆ ಬಂದವರು. ಹರೆಯದಲ್ಲಿ ಶ್ರೀಶೈಲಕ್ಕೆ ನಡೆದು ಹೋಗಿದ್ದರು. ಆ ನಡಿಗೆಯ ಮುಂದೆ ಉಳಿದವರ ಯಾವ ಕಷ್ಟವೂ ಅವರಿಗೆ ಕಷ್ಟವಾಗಿ ಕಾಣುತ್ತಿರಲಿಲ್ಲ. ಖುಲ್ತಾಬಾದಿನಿಂದ ವೇರೂಳ ಹತ್ತಿರ, ವೇರೂಳಿನಲ್ಲಿ ಘೃಷ್ಣೇಶ್ವರನ ಗುಡಿ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಗಂಟುಮೂಟೆಯನ್ನು ಲಾರಿಯಲ್ಲಿ ಓಟದವರೇ ಒಯ್ಯುತ್ತಾರೆಯೇ ಎಂದು. ಒಯ್ಯುತ್ತಾರೆ ಎಂದರು ಅಪ್ಪ. ಹಾಗಾದರೆ ನನ್ನ ಹೆಸರೂ ಹಾಕು ಎಂದರು ಅತ್ತೆ. ಅದು ಓಟ, ನಡಿಗೆಯಲ್ಲ ಎಂದು ನಾನು ಹೇಳಿದೆ.

"ನೀ ಓಡ," ಅಂದರು ಅತ್ತೆ. "ನಾ ಬರ್ತೀನಿ."

ಆ ಚಳಿಗಾಲವೆಲ್ಲ ಹೀಗೆ ಕಳೆಯಿತು. ಅಪ್ಪ ಎಲ್ಲಿಂದಲೋ ಒಂದು ಸೀಟಿ ತಂದರು. ಬೆಳಿಗ್ಗೆ ಸೀಟಿ ಊದಿದರೆ ಕ್ವಾರ್ಟರ್ಸಿನ ನಾಯಿಗಳು ಮೊದಲು ಏಳುತ್ತಿದ್ದವು, ಆಮೇಲೆ ನಾವು. ಬಸು ಶುರುವಿನಲ್ಲಿ ಬಾಣದ ಹಾಗೆ ಹೋಗಿ, ಚಹದ ಅಂಗಡಿಯಲ್ಲಿ ಸಿಗುತ್ತಿದ್ದ. ಅಪ್ಪ ಓಡುತ್ತ ಮಾತಾಡುತ್ತಿದ್ದರು, ಮಾತು ಮುಗಿಸಲು ನಿಲ್ಲುತ್ತಿದ್ದರು, ಅವರು ನಿಂತರೆ ನಾನೂ ನಿಲ್ಲಬೇಕೆಂದು ಬಯಸುತ್ತಿದ್ದರು. ಅತ್ತೆ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಯಾರ ಕಡೆಗೂ ನೋಡದೆ ಒಂದೇ ಹದದಲ್ಲಿ ನಡೆಯುತ್ತಿದ್ದರು. ನಾನು ಅವರನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತಿದ್ದೆ. ದಾಟುವಾಗೆಲ್ಲ "ಮಫ್ಲರ್ ಹಾಕ್ಕೋ" ಎಂಬ ಒಂದು ಮಾತು.

ಅಪ್ಪ ಕೊನೆಗೂ ಮಾತು ಕೊಟ್ಟದ್ದು ಜನವರಿಯ ಒಂದು ಭಾನುವಾರ, ಊಟಕ್ಕೆ ಕುಳಿತಾಗ. ಅವ್ವ ರೊಟ್ಟಿ ಬಡಿಸುತ್ತ, ಕಾಲೇಜಿನವರಿಗೆ ಏನು ಹೇಳುತ್ತೀರಿ, ಹುಡುಗಿ ಎಷ್ಟು ದಿನ ಕಾಯಬೇಕು ಎಂದು ಕೇಳಿಬಿಟ್ಟಳು. ಅವ್ವ ಹಾಗೆ ಕೇಳುವವಳಲ್ಲ. ಅದಕ್ಕೇ ಅಪ್ಪ ಉತ್ತರ ಕೊಡಬೇಕಾಯಿತು. ತುತ್ತು ನುಂಗಿ, ನೀರು ಕುಡಿದು, ಕಚೇರಿಯ ದನಿಯಲ್ಲಿ ಹೇಳಿದರು.

"ನಮ್ಮ ಮನಿ ಹೆಣ್ಣಮಗಳು ತನ್ನ ಕಾಲ ಮ್ಯಾಲ ಖುಲ್ತಾಬಾದ್ ಮುಟ್ಟಲಿ. ಪಂಚರು ಹೌದು ಅನ್ನಲಿ. ಆಮ್ಯಾಲ ಔರಂಗಾಬಾದಿಗೆ ಕಳಸ್ಲಿಕ್ಕೆ ನಂದೇನೂ ತಕರಾರಿಲ್ಲ."

ನನ್ನ ಹೆಸರು ಹೇಳಲಿಲ್ಲ. ಗಂಭೀರವಾದ ಮಾತಾಡುವಾಗ ಅಪ್ಪ ಯಾರ ಹೆಸರನ್ನೂ ಹೇಳುವುದಿಲ್ಲ. ಬೋಗಿಯ ಮೇಲಿನ ಬರಹದ ಹಾಗೆ ಮಾತಾಡುತ್ತಾರೆ. ಬಸು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅತ್ತೆ ಮಜ್ಜಿಗೆ ಕೇಳಿದರು. ನಾನು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಷ್ಟು ದೂರವನ್ನು ನಾನು ಮುಟ್ಟಬಲ್ಲೆ ಎಂದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು ಎಂದೇ ಈಗಲೂ ನನ್ನ ನಂಬಿಕೆ. ಒಪ್ಪಿಗೆ ಕೊಡಲು ಅವರಿಗೆ ಒಂದು ನೆಪ ಬೇಕಿತ್ತು. ಅದನ್ನು ಇಷ್ಟು ದೂರ ಇಟ್ಟದ್ದು ಅವರ ಸ್ವಭಾವ.

ಓಟದ ಹಿಂದಿನ ದಿನ ಮನ್ಮಾಡಿನಲ್ಲಿ ಗಾಡಿ ಬದಲಿಸಿ ಔರಂಗಾಬಾದಿಗೆ ಹೋದೆವು. ಅವ್ವ ಮನೆಯಲ್ಲಿ ಉಳಿದಳು. ಸಣ್ಣ ಹಳಿಯ ಗಾಡಿ ನಿಧಾನವಾಗಿ ಹೋಗುತ್ತಿತ್ತು. ಅಪ್ಪ ಡಬ್ಬಿಯಲ್ಲಿದ್ದವರಿಗೆಲ್ಲ ತಾವು ಸಕುಟುಂಬ ಓಡಲು ಹೊರಟಿರುವುದನ್ನು ಹೇಳಿದರು. ಹತ್ತಿಯ ವ್ಯಾಪಾರಿಯೊಬ್ಬರು, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳಿದರು. ಡಬ್ಬಿಯೆಲ್ಲ ನಕ್ಕಿತು, ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಕಿಟಕಿಯಿಂದ ಒಣಗಿದ ಹತ್ತಿಗಿಡಗಳನ್ನು ನೋಡುತ್ತ ಕುಳಿತೆ. ಜೂನ್‌ನಲ್ಲಿ ಇದೇ ಗಾಡಿಯಲ್ಲಿ ನಾನೊಬ್ಬಳೇ ಬರುತ್ತೇನೆ, ಯಾರೊಂದಿಗೂ ಮಾತಾಡುವುದಿಲ್ಲ, ಎಂದು ಲೆಕ್ಕ ಹಾಕಿಕೊಂಡೆ.

ಬೆಳಿಗ್ಗೆ ನಗರದ ಹೊರ ದರವಾಜೆಯ ಬಳಿ ಎಲ್ಲರನ್ನೂ ನಿಲ್ಲಿಸಿದರು. ಹೆಂಗಸರು ಬೆರಳೆಣಿಕೆ. ಮುಖ್ಯ ಪಂಚರು ನಿವೃತ್ತ ಹೆಡ್‌ಮಾಸ್ತರರು. ಬಿಳಿ ಟೋಪಿ, ಗಟ್ಟಿ ದನಿ. ನಿಯಮಗಳನ್ನು ಮರಾಠಿಯಲ್ಲಿ ಓದಿದರು. ಅದರಲ್ಲೊಂದು, ಓಟಗಾರರನ್ನು ಬೇರೆಯವರು ಮುಟ್ಟಿ ಸಹಾಯ ಮಾಡಿದರೆ ಆ ಓಟಗಾರರು ಅಲ್ಲಿಗೇ ಬಾದು, ಅಂದರೆ ಓಟದಿಂದ ಹೊರಗೆ. ನಡೆದರೂ ನಡೆದೀತು, ಆದರೆ ಖುಲ್ತಾಬಾದಿನಲ್ಲಿ ಪಂಚರ ಮೇಜು ಎತ್ತುವ ಮೊದಲು ತಮ್ಮದೇ ಕಾಲಿನಲ್ಲಿ ಬಂದು ಮುಟ್ಟಬೇಕು. ಅಪ್ಪ ಪ್ರತಿಯೊಂದಕ್ಕೂ "ಬರೋಬರ್, ಬರೋಬರ್" ಎಂದು ತಲೆದೂಗಿದರು.

ಮೊದಲ ಅರ್ಧ ನನಗೆ ಚೆನ್ನಾಗಿಯೇ ನೆನಪಿದೆ, ಏಕೆಂದರೆ ಆಗ ನನ್ನ ಜೊತೆ ಯಾರೂ ಇರಲಿಲ್ಲ. ಬಸು ಎಂದಿನಂತೆ ಮುಂದೆ ಹೋಗಿದ್ದ, ಅಪ್ಪ ಹಿಂದೆ ಯಾರೊಂದಿಗೋ ಮಾತಾಡುತ್ತಿದ್ದರು, ಅತ್ತೆ ಕಣ್ಣಿಗೆ ಕಾಣದಷ್ಟು ಹಿಂದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಗೋಧಿಯ ಹೊಲಗಳ ಮೇಲೆ ಮಂಜು, ಆಲದ ಮರಗಳ ಸಾಲು, ದೂರದಲ್ಲಿ ಕೋಟೆಯ ಗುಡ್ಡ. ನನ್ನ ಉಸಿರು ನನಗೇ ಕೇಳುತ್ತಿತ್ತು. ದೇವಳಾಲಿ ರಸ್ತೆ ನನ್ನ ಕೈ ತಪ್ಪಿದ ಮೇಲೆ ಮೊದಲ ಸಲ ಹಾಗೆ ಓಡಿದ್ದು.

ದೌಲತಾಬಾದಿನ ಹೊರಗೋಡೆ ದಾಟಿದ ಕೂಡಲೇ ಆಲದ ಬುಡದಲ್ಲಿ ಬಸು ಹೊಟ್ಟೆ ಹಿಡಿದು ಕುಳಿತಿದ್ದ. ಕಬ್ಬಿನ ಹಾಲು ಕುಡಿದು, ಅದರ ಮೇಲೆ ಬೋರೆಹಣ್ಣು ತಿಂದು, ಅದರ ಮೇಲೆ ಓಡಿದ್ದ. ಮುಂದೆ ಹೋಗು ಎಂದು ಕೈಸನ್ನೆ ಮಾಡಿದ, ಆಮೇಲೆ ಹೋಗಬೇಡ ಎಂದು ಸನ್ನೆ ಮಾಡಿದ, ಆಮೇಲೆ ವಾಂತಿ ಮಾಡಿದ. ಅವನ ತಲೆ ಹಿಡಿದು, ನೀರು ತರಿಸಿ, ಲಾರಿ ಬರುವ ತನಕ ನಿಂತೆ. ನನ್ನ ಕಾಲುಗಳು ಅಲ್ಲೇ ಬಿಗಿದವು. ಲಾರಿಯಲ್ಲಿ ಅಪ್ಪನಿದ್ದರು. ಮೊಣಕಾಲು ಹಿಡಿದುಕೊಂಡಿದೆ, ಅದಕ್ಕೇ ಹತ್ತಿದೆ ಎಂದರು. ಮಗನನ್ನು ಹತ್ತಿಸಿಕೊಂಡು, ತಾವು ಮುಂದೆ ಹೋಗಿ ಘಾಟಿಯ ತುದಿಯಲ್ಲಿ ನನಗಾಗಿ ನಿಲ್ಲುವುದಾಗಿ ಹೇಳಿದರು. ನಿಲ್ಲುವುದು ಬೇಡ ಎಂದೆ. ಲಾರಿ ಹೊರಟಿತ್ತು.

ಘಾಟಿ ಶುರುವಾದ ಮೇಲೆ ಬಿಸಿಲೂ ಏರಿತು. ನಾನು ನಿಧಾನವಾಗಿ, ಆದರೆ ಓಡಿಯೇ ಹತ್ತುತ್ತಿದ್ದೆ. ಕೊನೆಯ ತಿರುವಿನಲ್ಲಿ ಪೇರಲಹಣ್ಣು ಮಾರುವ ಗಂಡಹೆಂಡತಿ ಬುಟ್ಟಿಗಳನ್ನಿಟ್ಟುಕೊಂಡು ಓಟ ನೋಡುತ್ತಿದ್ದರು. ಅವರ ತಲೆಯ ಮೇಲೆ, ರಸ್ತೆಯ ಕಟ್ಟೆ ಹತ್ತಿ ಅಪ್ಪ. ಪಂಚರ ಮೇಜು ಅಲ್ಲಿಂದ ಕಾಣುವಷ್ಟು ಹತ್ತಿರ. ಅಪ್ಪ ಮಫ್ಲರ್ ಬಿಚ್ಚಿ ಬೀಸುತ್ತ ಕೂಗತೊಡಗಿದರು.

"ಓಡ, ಸುಮಿ, ಓಡ. ಓಡ, ಓಡ."

ನಮ್ಮ ಕಡೆ ಓಡು ಎಂಬುದಕ್ಕೆ ಓಡ ಎನ್ನುತ್ತಾರೆ. ಮರಾಠಿಯಲ್ಲಿ ಓಢ ಎಂದರೆ ಎಳೆ. ಪೇರಲದ ಗಂಡಹೆಂಡತಿ ಒಮ್ಮೆ ಅಪ್ಪನ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು. ಚಡ್ಡಿ ಹಾಕಿದ ಒಬ್ಬ ಹಿರಿಯ ಮನುಷ್ಯ ಮೇಲೆ ನಿಂತು, ಎಳೆ, ಎಳೆ ಎಂದು ಗೋಗರೆಯುತ್ತಿದ್ದಾನೆ. ಕೆಳಗೆ ಹುಡುಗಿಯೊಬ್ಬಳು ಏದುಸಿರು ಬಿಡುತ್ತಿದ್ದಾಳೆ. ಅವರು ಒಳ್ಳೆಯ ಜನ. ಗಂಡ ನನ್ನ ಬಲಗೈ ಹಿಡಿದ, ಹೆಂಡತಿ ಎಡಗೈ. ಹಣ್ಣಿನ ರಸ ಅಂಟಿದ, ದುಡಿದ ಕೈಗಳು. ಎಳೆದರು. ಬಿಡಿ ಎಂದು ಕೂಗಿದೆ, ಮರಾಠಿಯಲ್ಲಿಯೇ ಕೂಗಿದೆ: "ಸೋಡಾ, ಸೋಡಾ." ಸೋಡಾ ಎಂದರೆ ಅವರ ಭಾಷೆಯಲ್ಲಿ ಬಿಡಿ ಎಂದೇ ಅರ್ಥ. ಆದರೆ ಅಪ್ಪ ಇನ್ನೂ ಕೂಗುತ್ತಲೇ ಇದ್ದರು. ಎಳೆಯುವವರು ಹುಡುಗಿಯ ಸಂಕೋಚಕ್ಕಿಂತ ಹಿರಿಯರ ಮಾತಿಗೆ ಹೆಚ್ಚು ಬೆಲೆ ಕೊಟ್ಟರು. ಆಮೇಲೆ ಅಪ್ಪ ಇದ್ದಕ್ಕಿದ್ದಂತೆ ಕಟ್ಟೆಯಿಂದ ಇಳಿದು ಮಾಯವಾದರು. ನನ್ನನ್ನು ತಿರುವು ದಾಟಿಸಿ, ಮೇಜಿನ ಎದುರಿಗೆ ತಂದು ನಿಲ್ಲಿಸಿ, ಆ ಗಂಡಹೆಂಡತಿ ಬೆವರು ಒರೆಸಿಕೊಂಡು ನಕ್ಕರು. ಆ ಹೊತ್ತಿಗೆ ಅಪ್ಪ ಗೂಡಂಗಡಿಯ ಕಡೆಯಿಂದ, ಸರಿಹೋಗಿದ್ದ ಮೊಣಕಾಲಿನಲ್ಲಿ ಓಡುತ್ತ ಬಂದರು. ಕೈಯಲ್ಲಿ ಗೋಲಿ ಸೋಡಾದ ಬಾಟಲಿ.

"ತೊಗೋ ತಾಯಿ. ಸೋಡಾ ಕೇಳಿದ್ಯಲ್ಲಾ," ಅಂದರು.

ನಾನು ಆ ಬಾಟಲಿಯನ್ನು ತೆಗೆದುಕೊಳ್ಳಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಮರಾಠಿ ಮಾತಾಡಿದ ಮನುಷ್ಯ.

ಹೆಡ್‌ಮಾಸ್ತರರು ಎಲ್ಲವನ್ನೂ ಕಣ್ಣಾರೆ ನೋಡಿದ್ದರು. ನನ್ನ ಹೆಸರಿನ ಮೇಲೆ ಗೆರೆ ಎಳೆಯಬೇಕಾಗುತ್ತದೆ ಎಂದು, ನಿಜವಾದ ಬೇಸರದಿಂದ, ನನಗೇ ಹೇಳಿದರು. ಅಲ್ಲಿಂದ ಅಪ್ಪನ ವಾದ ಶುರುವಾಯಿತು. ತಾವು ಓಡು ಎಂದದ್ದು, ಕನ್ನಡದಲ್ಲಿ. ಹೆಡ್‌ಮಾಸ್ತರರು ಪೇರಲದ ಗಂಡಹೆಂಡತಿಯನ್ನು ಕರೆಸಿದರು. ಅವರು ಕೈ ಜೋಡಿಸಿ, ಈ ಸಾಹೇಬರೇ ಎಳೆಯಿರಿ ಎಂದರು, ಅದಕ್ಕೇ ಎಳೆದೆವು, ತಪ್ಪಾಯಿತೇ ಎಂದು ಕೇಳಿದರು. ತಪ್ಪಿಲ್ಲ ಎಂದರು ಅಪ್ಪ. ತಪ್ಪಿಲ್ಲ ಎಂದಮೇಲೆ ನೀವು ಎಳೆ ಎಂದದ್ದು ನಿಜವಾಯಿತು ಎಂದರು ಹೆಡ್‌ಮಾಸ್ತರರು. ಅಪ್ಪ ಸೋಡಾದ ಬಾಟಲಿ ಎತ್ತಿ ತೋರಿಸಿದರು. ಗಡಿಬಿಡಿಯಲ್ಲಿ ತಮ್ಮ ತಲೆಯೊಳಗೆ ಮರಾಠಿ ಇರಲೇ ಇಲ್ಲ, ಇದ್ದಿದ್ದರೆ ಬಿಡಿ ಎಂದವಳಿಗೆ ಸೋಡಾ ತರುತ್ತಿದ್ದೆನೇ ಎಂದು ಕೇಳಿದರು. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ತರರೂ ನಕ್ಕರು, ಆದರೆ ಬಗ್ಗಲಿಲ್ಲ. ಅವರು ಭಾಷೆ ಕಲಿಸಿದವರು. ಎರಡು ಶಬ್ದಗಳು ಬೇರೆಯಾಗಿದ್ದರೆ ಎರಡನ್ನೂ ಉಚ್ಚರಿಸಿ ತೋರಿಸಿ, ಕಿವಿಗೆ ಬೇರೆ ಕೇಳಿದರೆ ಬಿಟ್ಟುಬಿಡುತ್ತೇನೆ ಎಂದರು.

ಅಪ್ಪ ಗಂಟಲು ಸರಿಮಾಡಿಕೊಂಡರು.

"ನಾ ಅಂದಿದ್ದು ಓಡ. ಇವರು ಕೇಳಿದ್ದು ಓಡ."

ಮತ್ತೊಮ್ಮೆ, ನಿಧಾನವಾಗಿ ಹೇಳಿ ಎಂದರು ಹೆಡ್‌ಮಾಸ್ತರರು. ಅಪ್ಪ ಮತ್ತೊಮ್ಮೆ ಹೇಳಿದರು, ಮೂರನೆಯ ಸಲ ಕೈಯಿಂದ ಎಳೆಯುವ ಅಭಿನಯ ಮಾಡಿ ಹೇಳಿದರು. ಎಲ್ಲವೂ ಒಂದೇ ಥರ ಕೇಳಿಸಿತು. ನಮ್ಮ ಮನೆಯಲ್ಲಿ ಮಹಾಪ್ರಾಣಗಳು ಬರೆಯಲಿಕ್ಕೆ ಮಾತ್ರ. ಘಂಟೆ ಗಂಟೆ, ಧೋತರ ದೋತರ, ಘೃಷ್ಣೇಶ್ವರ ಗ್ರಿಷ್ಣೇಶ್ವರ. ನಾನು ಮುಂದೆ ಬಂದು ಆ ಎರಡು ಶಬ್ದಗಳನ್ನು ಸರಿಯಾಗಿ ಉಚ್ಚರಿಸಿದೆ. ಹೆಡ್‌ಮಾಸ್ತರರು ಮೆಚ್ಚುಗೆಯಿಂದ ಕೇಳಿ, ಬಹಳ ಶುದ್ಧ, ಆದರೆ ಕೂಗಿದವರು ನೀನಲ್ಲವಲ್ಲ ಮಗು ಎಂದರು.

ಅವರು ಊಟಕ್ಕೆ ಎದ್ದರು. ಅಪ್ಪ ದರ್ಗಾದ ರಸ್ತೆಯ ಖಾನಾವಳಿಯವರೆಗೂ ಅವರ ಬೆನ್ನು ಬಿಡಲಿಲ್ಲ. ಅವರು ಉಂಡು ಬಂದ ಮೇಲೆ ಇನ್ನಿಬ್ಬರು ಪಂಚರನ್ನು ಕೂಡಿಸಿಕೊಂಡು ವಾದ ಮೊದಲಿನಿಂದ ನಡೆಯಿತು. ಓಡುವವರೆಲ್ಲ ಬಂದಾಗಿತ್ತು. ಶಾಮಿಯಾನದವರು ಕಂಬ ಕೀಳಲು ಕಾಯುತ್ತಿದ್ದರು. ಮೇಜು ಮಾತ್ರ ಎತ್ತಲಾಗಲಿಲ್ಲ, ಅಪ್ಪ ಅದರ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಬಸು ಲಾರಿಯ ನೆರಳಲ್ಲಿ ಮಲಗಿದ್ದ. ನಾನು ಬುಟ್ಟಿಗಳ ಪಕ್ಕದ ಕಲ್ಲಿನ ಮೇಲೆ ಕುಳಿತು, ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದೆ. ಪೇರಲದ ಹೆಂಗಸು ಅಪರಾಧಿಯ ಹಾಗೆ ಒಂದಾದ ಮೇಲೊಂದು ಹಣ್ಣು ತಂದು ನನ್ನ ಮಡಿಲಿಗೆ ಹಾಕುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಅಪ್ಪನ ದನಿ ಕೇಳುತ್ತಿದ್ದುದರಿಂದ ಸಿಟ್ಟು ಅದನ್ನು ಒಳಗೇ ಹಿಡಿದಿತ್ತು.

ಕೊನೆಗೆ ಪಂಚರು ಮೂವರೂ ಇಲ್ಲ ಎಂದರು. ಅಪ್ಪ ನನ್ನ ಹತ್ತಿರ ಬಂದರು. ಅವರ ಮುಖ ಚಿಕ್ಕದಾಗಿತ್ತು.

"ಅಪ್ಪಾ, ನೀವು ಮಾತು ಕೊಟ್ಟೀರಿ," ಅಂದೆ.

"ಕೊಟ್ಟೀನಿ. ಪಂಚರು ಹೌದು ಅನ್ನಬೇಕು ಅಂತನೂ ಅಂದೀನಿ. ಅವರು ಒಲ್ಲೆ ಅಂದ್ರು."

"ಎಳಿ ಅಂದವರು ನೀವು."

"ನಾ ಓಡ ಅಂದೀನಿ," ಅಂದರು ಅಪ್ಪ, ಮತ್ತೆ ಅದೇ ದನಿಯಲ್ಲಿ.

ಅವರಿಗೂ ದುಃಖವಾಗಿತ್ತು. ಬೇಕಿದ್ದರೆ ಅಲ್ಲಿಯೇ, ಆಗಲಿ ಹೋಗು ಎಂದುಬಿಡಬಹುದಿತ್ತು. ಆದರೆ ತಾವೇ ಹಾಕಿದ ಷರತ್ತನ್ನು ತಾವೇ ದಾಟುವುದು ಅವರಿಗೆ ಗೊತ್ತಿರಲಿಲ್ಲ. ಸರಕು ಕಚೇರಿಯಲ್ಲಿ ಅದೇ ಅವರ ಹೆಸರು, ಅದೇ ಹೆಮ್ಮೆ. ಜೂನ್, ಸಣ್ಣ ಹಳಿಯ ಗಾಡಿ, ನನ್ನದೇ ಕೋಣೆ, ಎಲ್ಲವೂ ಆ ಮಧ್ಯಾಹ್ನ ಒಬ್ಬ ಪ್ರಾಮಾಣಿಕ ಮನುಷ್ಯನ ಪ್ರಾಮಾಣಿಕತೆಯ ಮುಂದೆ ಕರಗುತ್ತಿದ್ದವು. ಅಪ್ರಾಮಾಣಿಕನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಗ ತಿರುವಿನಲ್ಲಿ ಅತ್ತೆ ಕಂಡರು. ಕಚ್ಚೆ ಹಾಕಿದ ಇಳಕಲ್ ಸೀರೆ, ಕೈಯಲ್ಲಿ ಚಪ್ಪಲಿ, ಬೆಳಿಗ್ಗೆ ಹೊರಟ ಅದೇ ಹದ. ಯಾರ ಕಡೆಗೂ ನೋಡಲಿಲ್ಲ. ಪೇರಲದ ಗಂಡ, ಅಭ್ಯಾಸವಾಗಿತ್ತೋ ಏನೋ, ಕೈ ಚಾಚಿ ಎದ್ದ. ಅತ್ತೆ ಚಪ್ಪಲಿ ಎತ್ತಿ ತೋರಿಸಿದರು. ಅವನು ಕುಳಿತ. ಅತ್ತೆ ಬಂದು, ಹಣೆಯನ್ನು ಸೆರಗಿನಿಂದ ಒರೆಸಿ, ಮೇಜನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಹೆಡ್‌ಮಾಸ್ತರರು ಎದ್ದು ನಿಂತರು. ಯಾರಾದರೂ ಸಹಾಯ ಮಾಡಿದರೇ ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಯಾಕೆ ಸಹಾಯ, ಅಲ್ಲಿ ಮಲಗಿದವರಿಗೆ ಮಾಡಿ ಎಂದು ಅತ್ತೆ ಕನ್ನಡದಲ್ಲಿ ಹೇಳಿ ಬಸುವಿನ ಕಡೆ ತೋರಿಸಿದರು. ಹೆಡ್‌ಮಾಸ್ತರರು ಉತ್ತರ ಅರ್ಥವಾದವರಂತೆ ತಲೆಯಾಡಿಸಿ ಹೆಸರು ಬರೆದುಕೊಂಡರು. ಹೆಂಗಸರ ಸಾಲಿನಲ್ಲಿ, ಪೂರೈಸಿದವರು: ನೀಲಮ್ಮ.

ಅತ್ತೆಗೆ ಎಲ್ಲವನ್ನೂ ಬಸು ಹೇಳಿದ, ಮರಾಠಿಯಲ್ಲಿ, ನಗುತ್ತ, ಹೊಟ್ಟೆ ಹಿಡಿದುಕೊಂಡು. ಅತ್ತೆ ನಗಲಿಲ್ಲ. ಒಂದು ಪೇರಲಹಣ್ಣು ತೆಗೆದು ಸೆರಗಿಗೆ ತಿಕ್ಕಿದರು.

"ತಮ್ಮಾ," ಅಂದರು ಅಪ್ಪನಿಗೆ, "ಅವತ್ತ ಉಣ್ಣಾಗ ನೀ ಏನಂದಿ?"

ಅಪ್ಪ ಮಫ್ಲರನ್ನು ಮಡಿಸತೊಡಗಿದರು.

"ನಮ್ಮ ಮನಿ ಹೆಣ್ಣಮಗಳು ಅಂದಿ. ನಾ ಯಾರ ಮನಿ ಹೆಣ್ಣಮಗಳು?"

ನಮ್ಮ ಕಡೆ ಮನೆಯ ಹೆಣ್ಣುಮಗಳು ಎಂದರೆ ಮಗಳೂ ಹೌದು, ಅಕ್ಕತಂಗಿಯರೂ ಹೌದು. ಹಬ್ಬಕ್ಕೆ ಸೀರೆ ತರುವಾಗ ಅಪ್ಪ ಅದೇ ಮಾತಿನಿಂದ ಅತ್ತೆಯ ಹೆಸರನ್ನು ಮೊದಲು ಎತ್ತುತ್ತಿದ್ದರು.

"ಅಕ್ಕಾ, ಅದು ನಾ ಸುಮಿಗಂತ—"

"ಸುಮಿ ಹೆಸರು ತೊಗೊಂಡಿಲ್ಲ ನೀ. ನನ್ನ ಕಾಲ ಮ್ಯಾಲ ಬಂದೀನಿ. ಪಂಚರು ಬರ್ಕೊಂಡಾರ. ಈಗ ಕಳಸು."

"ಯಾರಿಗೆ?"

"ನನಗ. ಔರಂಗಾಬಾದಿಗೆ. ನಾ ಅಲ್ಲಿ ಮನಿ ಮಾಡ್ಕೊಂಡು ಇರ್ತೀನಿ. ಈಕಿ ನನ್ನ ಜೋಡಿ ಇರ್ತಾಳ. ಒಬ್ಬಾಕಿ ಅಂತ ನೀ ಅಳೋದೂ ತಪ್ಪತದ," ಎಂದು ಹಣ್ಣು ಕಚ್ಚಿದರು.

ಅಪ್ಪ ತಮ್ಮ ಮಾತನ್ನು ತಾವೇ ಒಳಗೊಳಗೆ ಓದಿಕೊಂಡರು. ಅದರಲ್ಲಿ ತೂತು ಸಿಗಲಿಲ್ಲ. ಮುಖ ಮೆಲ್ಲಗೆ ಮೊದಲಿನಷ್ಟಾಯಿತು.

"ಬರೋಬರ್ ಅದ," ಅಂದರು ಕೊನೆಗೆ. ಮಫ್ಲರ್ ಕುತ್ತಿಗೆಗೆ ಸುತ್ತಿಕೊಂಡರು. ಎಲ್ಲರೂ ವೇರೂಳಿಗೆ ಹೊರಟೆವು.

ಇಲ್ಲಿ ನನ್ನ ಸಂತೋಷದ ಬಗ್ಗೆ ಹೇಳಬೇಕು. ಅದು ಅರ್ಧವಿತ್ತು. ನನಗೆ ಬೇಕಿದ್ದದ್ದು ಔರಂಗಾಬಾದ್ ಮಾತ್ರವಲ್ಲ, ಔರಂಗಾಬಾದಿನಲ್ಲಿ ನಾನೊಬ್ಬಳೇ. ಸಿಕ್ಕದ್ದು ಅತ್ತೆ ಸಮೇತ ಔರಂಗಾಬಾದ್. ಜೂನ್‌ನಲ್ಲಿ ಅದೇ ಸಣ್ಣ ಹಳಿಯ ಗಾಡಿಯಲ್ಲಿ ಅತ್ತೆ ಮತ್ತು ಅತ್ತೆಯ ಬೀಸುಕಲ್ಲಿನ ಜೊತೆ ಬಂದೆ. ಬೀಸುಕಲ್ಲು ಬೇಡವೆಂದು ಮನ್ಮಾಡಿನವರೆಗೂ ಹೇಳಿದೆ. ಮನ್ಮಾಡಿನಲ್ಲಿ ಅದನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊತ್ತವಳೂ ನಾನೇ.

ಕಾಲೇಜಿಗೆ ಹತ್ತಿರ, ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ ಸಿಕ್ಕವು. ನಡುವಂಗಳದಲ್ಲಿ ಬಾವಿ, ಸುತ್ತಲೂ ಮರಾಠಿ ಸಂಸಾರಗಳು. ಮೊದಲ ರಾತ್ರಿಯೇ ಅತ್ತೆಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದೆ: ಬೆಳಿಗ್ಗೆ ನಾನು ಓಡಲು ಹೋಗುತ್ತೇನೆ, ಒಬ್ಬಳೇ ಹೋಗುತ್ತೇನೆ, ಯಾರೂ ಹಿಂದೆ ಬರಬಾರದು. ಅತ್ತೆ ಹೂಂ ಎಂದರು. ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದಿದ್ದರು. ಮಫ್ಲರ್ ಕೊಟ್ಟರು, ಜೂನ್ ತಿಂಗಳು. ಹಾಕಿಕೊಂಡೆ. ಬಾಗಿಲ ತನಕ ಬಂದು, ಹೊಸ್ತಿಲ ಒಳಗೇ ನಿಂತರು. ಮಾತು ಕೊಟ್ಟಿದ್ದರಲ್ಲ. ಬಾವಿಯ ಬಳಿ ನೆರೆಮನೆಯ ಹೆಂಗಸು ಹಗ್ಗ ಹಿಡಿದು ಕೊಡ ಮೇಲೆತ್ತುತ್ತಿದ್ದಳು.

ನಾನು ಅಂಗಳ ದಾಟಿದೆ. ಹಿಂದಿನಿಂದ ಅತ್ತೆಯ ದನಿ ವಾಡೆಯ ಗೋಡೆಗಳಿಗೆಲ್ಲ ಬಡಿಯಿತು.

"ಓಡ, ಸುಮಿ, ಓಡ."

"ಓಢತೇಯ್ ನಾ, ಬಾಯಿ," ಎಂದಳು ಬಾವಿಯ ಬಳಿಯ ಹೆಂಗಸು, ಎಳೆಯುತ್ತಿದ್ದೇನಲ್ಲ, ಇನ್ನೆಷ್ಟು ಎಳೆಯಲಿ ಎಂಬ ಬೇಸರದಲ್ಲಿ. ಬಾವಿಯ ಗಾಲಿ ಕಿರುಗುಟ್ಟುವುದು ಇನ್ನೂ ಜೋರಾಯಿತು.

ನಾನು ತಿರುಗಿ ನೋಡಲಿಲ್ಲ. ಬೀದಿಯ ತುದಿಯವರೆಗೆ ತುಟಿ ಬಿಗಿಹಿಡಿದು ಓಡಿದೆ. ಅಲ್ಲಿ ನಿಲ್ಲಬೇಕಾಯಿತು, ನಗುತ್ತ ಓಡಲು ಉಸಿರು ಸಾಲುವುದಿಲ್ಲ.